ದೋಟಿ ಹಿಡಿದ ಕೈಗೂ ಬಿಪಿಗೂ ನಂಟಿದೆ

ಮಾನ್ಯ ಸಂಪಾದಕರೇ,

ಅಡಿಕೆ ಕೊಯ್ಲು ಶುರುವಾದಾಗ ಬಿಪಿ ಇರುವವರಿಗೆ ಸಿಗುವ ಬುದ್ಧಿಮಾತು ಎರಡೇ: ಉಪ್ಪು ಕಡಿಮೆ ಮಾಡಿ, ಮಾತ್ರೆ ತಪ್ಪಿಸಬೇಡಿ. ಹಿಡಿ ಬಿಗಿದು ಮಾಡುವ ಕೆಲಸದ ಬಗ್ಗೆ ಹೇಳುವವರು ಕಡಿಮೆ.

ತುದಿಗೆ ಕತ್ತಿ ಕಟ್ಟಿದ ಉದ್ದ ಕೋಲು, ಅಂದರೆ ದೋಟಿಯಲ್ಲಿ ಅಡಿಕೆ ಕೊನೆ (ಗೊನೆ) ತೆಗೆಯುವವರ ಕೈ ನೋಡಿ. ಕತ್ತಿ ಕೊನೆಯ ಬುಡಕ್ಕೆ ಕೂರುವವರೆಗೂ ಹಿಡಿ ಬಿಡುವಂತಿಲ್ಲ. ಬೆರಳಿನ ಗೆಣ್ಣು ಬೆಳ್ಳಗಾಗಿರುತ್ತದೆ, ಮುಂಗೈ ರಕ್ತನಾಳ ಉಬ್ಬಿರುತ್ತದೆ, ಎಷ್ಟೋ ಸಲ ಉಸಿರೂ ಕಟ್ಟಿರುತ್ತದೆ. ನಡೆಯುವಾಗ ಸ್ನಾಯು ಬಿಗಿದು ಸಡಿಲಾಗುತ್ತ ರಕ್ತಕ್ಕೆ ದಾರಿ ಬಿಡುತ್ತದೆ; ಬಿಪಿಯ ಕೆಳಗಿನ ಅಂಕ ಹೆಚ್ಚು ಏರುವುದಿಲ್ಲ. ಬಿಗಿದೇ ಇರುವ ಸ್ನಾಯು ಮಾತ್ರ ತನ್ನ ರಕ್ತನಾಳಗಳನ್ನು ತಾನೇ ಹಿಂಡುತ್ತದೆ. ಒಳಗೆ ತ್ಯಾಜ್ಯ ಕೂಡಿ, ಅಲ್ಲಿನ ಸಣ್ಣ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮೈಯ ಬೇರೆಡೆ ರಕ್ತನಾಳ ಕಿರಿದಾಗಿ ಎರಡೂ ಅಂಕ ಏರುತ್ತವೆ. 1937ರಲ್ಲಿ ಆಲಂ ಮತ್ತು ಸ್ಮಿರ್ಕ್ ಎಂಬ ಸಂಶೋಧಕರು ಇದನ್ನು ತೋರಿಸಿದರು: ಕೆಲಸ ನಿಲ್ಲಿಸಿದರೂ, ಪಟ್ಟಿ ಬಿಗಿದು ರಕ್ತ ತಡೆದಷ್ಟು ಹೊತ್ತು ಬಿಪಿ ಪೂರ್ತಿ ಇಳಿಯಲಿಲ್ಲ.

ದಣಿವು ಲೆಕ್ಕವನ್ನೇ ಬದಲಿಸುತ್ತದೆ. ಬೆಳಿಗ್ಗೆ ಹಿಡಿತದ ಪೂರ್ಣ ಬಲ 40 ಕಿಲೋ ಇದ್ದವರಿಗೆ 12 ಕಿಲೋ ಬಿಗಿತ ಶೇ 30. ಸಂಜೆ ಬಲ 30 ಕಿಲೋಗೆ ಕುಸಿದರೆ ಅದೇ 12 ಕಿಲೋ ಶೇ 40. ದೋಟಿ ಅದೇ, ಏರುವ ಬಿಪಿ ಹೆಚ್ಚು. ಆದ್ದರಿಂದ ಪ್ರತಿ ಕೊನೆಗೂ ಹಿಡಿ ಬಿಚ್ಚಿ ಬೆರಳು ಆಡಿಸಬೇಕು, ಎಳೆಯುವಾಗ ಉಸಿರು ಬಿಡಬೇಕು, ಮಧ್ಯಾಹ್ನದ ನಂತರ ಆಳು ಬದಲಿಸಬೇಕು.

ಇದೇ ಹಿಡಿತವನ್ನು ಅಳತೆಯಲ್ಲಿ ಮಾಡಿದರೆ ವಿಶ್ರಾಂತಿಯ ಬಿಪಿ ಇಳಿಯುತ್ತದೆ ಎಂಬುದೂ ನಿಜ. ಹಿಡಿತಮಾಪಕದಲ್ಲಿ ಪೂರ್ಣ ಬಲ ನೋಡಿಕೊಂಡು, ಅದರ ಶೇ 30ರಲ್ಲಿ 2 ನಿಮಿಷ ಹಿಡಿಯುವುದು, 1 ನಿಮಿಷ ಬಿಡುವುದು. ಹೀಗೆ 4 ಸಲ, ವಾರಕ್ಕೆ 3 ದಿನ, 8ರಿಂದ 10 ವಾರ. ಬಿಪಿ ಇರುವವರಲ್ಲಿ ಮೇಲಿನ ಅಂಕ ಸುಮಾರು 5 ಇಳಿಯುತ್ತದೆ. ಮಾತ್ರೆಗೆ ಇದು ಬದಲಿಯಲ್ಲ. ರಬ್ಬರ್ ಚೆಂಡು ಹಿಂಡುವವರು ಎಡವುವುದು ಇಲ್ಲೇ: ಚೆಂಡಿಗೆ ಅಳತೆ ಇಲ್ಲ, ಅತಿಯಾಗಿ ಹಿಂಡುತ್ತಾರೆ. ಒಂದೂವರೆ ನಿಮಿಷಕ್ಕೇ ಕೈ ನಡುಗಿದರೆ ಬಲ ಜಾಸ್ತಿಯಾಯಿತು ಎಂದೇ ಅರ್ಥ. ಹೃದ್ರೋಗ ಇರುವವರು, ಮೇಲಿನ ಅಂಕ 180 ದಾಟಿದವರು ವೈದ್ಯರನ್ನು ಕೇಳದೆ ಶುರುಮಾಡಬಾರದು.

ಅಳೆಯುವಲ್ಲೂ ಎಚ್ಚರ ಬೇಕು. ತೋಟದಿಂದ ನೇರ ಬಂದವರ ತೋಳಿಗೆ ಪಟ್ಟಿ ಸುತ್ತಬೇಡಿ. ದುಡಿಮೆ, ಕಾಫಿ, ಹೊಗೆಸೊಪ್ಪಿನ ಕವಳ ಯಾವುದಾದರೂ ಸರಿ, ಅರ್ಧ ಗಂಟೆ ಕಳೆಯಲಿ. ಆಮೇಲೆ ಬೆನ್ನಿಗೆ ಆಸರೆ ಕೊಟ್ಟು 5 ನಿಮಿಷ ಸುಮ್ಮನೆ ಕೂರಿಸಿ. ತೋಳು ಎದೆಮಟ್ಟದಲ್ಲಿರಲಿ; 10 ಸೆಂ.ಮೀ. ಕೆಳಗೆ ಜೋತುಬಿದ್ದರೆ 7–8 ಅಂಕ ಸುಳ್ಳೇ ಏರುತ್ತದೆ. ಮುಷ್ಟಿ ಬಿಗಿದಿದ್ದರೆ, ಕುರ್ಚಿಯ ಕೈ ಹಿಡಿದಿದ್ದರೆ ಮೊದಲು ಬಿಚ್ಚಿಸಿ.

– ಒಬ್ಬ ಫಿಸಿಯೋಥೆರಪಿಸ್ಟ್, ತೀರ್ಥಹಳ್ಳಿ