ಎಳೆ ಕಡಿದರೆ ನಿಲ್ಲುವ ಮಗ್ಗ

ನಗೋಯಾ, ಜಪಾನ್
ಭಾನುವಾರ

ತೀರ್ಥರೂಪು ಅಪ್ಪನವರಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ನಮ್ಮಲ್ಲಿ ನೇಯುತ್ತಿದ್ದ ಮಗ್ಗದ ಮಾಮ ಕೆಲಸ ಬಿಟ್ಟರು ಅಂತ ನೀವು ಫೋನಿನಲ್ಲಿ ಹೇಳಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಬಟ್ಟೆಯಲ್ಲೇ ಚಿತ್ತಾರ ನೇಯುವ ಜಕಾರ್ಡ್ ಮಗ್ಗದ ಮೇಲೆ ಅವರಷ್ಟು ಕೈ ಪಳಗಿದವರು ದೊಡ್ಡಬಳ್ಳಾಪುರದಲ್ಲಿ ಎಷ್ಟು ಜನ ಇದ್ದಾರು? "ಕೂಲಿ ಜಾಸ್ತಿ ಕೊಡ್ತೀನಿ ಅಂದರೂ ನಿಲ್ಲಲಿಲ್ಲ" ಅಂದಿರಿ. ಆ ಮಾತು ತಲೆಯಲ್ಲಿ ಸುತ್ತುತ್ತಲೇ ಇದೆ.

ಹೋದ ವಾರ ಇಲ್ಲಿ ಟೊಯೋಟಾದವರ ಮ್ಯೂಸಿಯಂ ನೋಡಿ ಬಂದೆ. ನಮ್ಮ ಬಿಡದಿಯಲ್ಲಿ ಕಾರು ಮಾಡುತ್ತಾರಲ್ಲ, ಅದೇ ಟೊಯೋಟಾ. ಕಾರು ನೋಡೋಣ ಅಂತ ಹೋದರೆ ಸಾಲಾಗಿ ಮಗ್ಗಗಳು! ಅವರ ಮೂಲ ಕಸುಬು ಮಗ್ಗವೇ ಅಪ್ಪ. ಸಾಕಿಚಿ ಟೊಯೋಡಾ ಅನ್ನುವವರು 1924ರಲ್ಲಿ ಪೂರ್ತಿ ಮಾಡಿದ ಮಗ್ಗ ಅಲ್ಲಿದೆ. ಅಡ್ಡ ನೂಲು ಹಾಯಿಸುವ ಲಾಳಿಯಲ್ಲಿ ನೂಲು ಮುಗಿಯುತ್ತಾ ಬಂದರೆ, ಮಗ್ಗ ಓಡುವಾಗಲೇ ಬೇರೆ ಲಾಳಿ ಬಂದು ಕೂರುತ್ತದೆ. ಆದರೆ ಹಾಸಿನಲ್ಲಿ, ಅಂದರೆ ಉದ್ದದ ನೂಲುಗಳಲ್ಲಿ, ಒಂದು ಎಳೆ ಕಡಿದರೆ ಮಗ್ಗ ತಟಕ್ಕನೆ ನಿಲ್ಲುತ್ತದೆ. ಕೆಟ್ಟ ಬಟ್ಟೆ ಒಂದು ಗೇಣೂ ಮುಂದೆ ಹೋಗುವುದಿಲ್ಲ. ಒಬ್ಬರೇ ಹಲವು ಮಗ್ಗ ನೋಡಿಕೊಳ್ಳಬಹುದು. ನೀವು ಪಕ್ಕದಲ್ಲಿ ಇರಬೇಕಿತ್ತು ಅನ್ನಿಸಿತು.

ಅವರ ಮಗ ಕೀಚಿರೋ 1937ರಲ್ಲಿ ಕಾರಿನ ಕಂಪನಿ ಶುರು ಮಾಡಿದರು. ಮಗ್ಗದ ಆ ಗುಣ ಕಾರ್ಖಾನೆಗೂ ಬಂತು. ಕಾರು ಜೋಡಿಸುವ ಲೈನಿನ ಉದ್ದಕ್ಕೂ ತಲೆಯ ಮೇಲೊಂದು ಹಗ್ಗ. ತಪ್ಪು ಕಂಡರೆ ಯಾರು ಬೇಕಾದರೂ ಅದನ್ನು ಎಳೆದು ಲೈನ್ ನಿಲ್ಲಿಸಬಹುದು. ನಮ್ಮದು ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ, ಇಲ್ಲೂ ಅದೇ ಪದ್ಧತಿ.

ನಾನು ಸೇರಿದ ಎರಡನೇ ವಾರ ಒಂದು ಬೋಲ್ಟ್ ಸರಿಯಾಗಿ ಕೂತಿಲ್ಲ ಅನ್ನಿಸಿತು. ಹಗ್ಗ ಹಿಡಿದೆ, ಎಳೆಯಲು ಕೈ ಬರಲಿಲ್ಲ. ಬೆಂಗಳೂರಿನ ಹಳೆಯ ಕೆಲಸದಲ್ಲಿ ಅಳತೆ ತಪ್ಪಿದೆ ಅಂದಿದ್ದಕ್ಕೆ "ನಿನ್ನ ಕೆಲಸ ನೋಡ್ಕೋ" ಅನ್ನಿಸಿಕೊಂಡವನು ನಾನು. ಆ ಮೇಲೆ ಅಲ್ಲಿ ಬಾಯೇ ಬಿಡಲಿಲ್ಲ, ಆರು ತಿಂಗಳಿಗೆ ಬಿಟ್ಟೆ. ಕೊನೆಗೂ ಎಳೆದೆ. ಹಳದಿ ದೀಪ ಹತ್ತಿತು, ಒಂದು ಪುಟ್ಟ ರಾಗ ಕೇಳಿಸಿತು. ಲೀಡರ್ ಓಡಿ ಬಂದರು. ಮೊದಲು ಅಂದಿದ್ದು "ಅರಿಗಾತೋ", ಅಂದರೆ ಥ್ಯಾಂಕ್ಸ್. ಆಮೇಲೆ ಬಗ್ಗಿ ಬೋಲ್ಟ್ ನೋಡಿದರು. ಬೋಲ್ಟ್ ಸರಿಯಾಗಿಯೇ ಇತ್ತು ಅಪ್ಪ, ನನ್ನ ಅನುಮಾನವೇ ತಪ್ಪು. ಆದರೂ ಇನ್ನೊಮ್ಮೆ ಥ್ಯಾಂಕ್ಸ್ ಹೇಳಿ ಹೋದರು. ಅವತ್ತು ರಾತ್ರಿ ರೂಮಿಗೆ ಬಂದು ಎಷ್ಟೋ ಹೊತ್ತು ಸುಮ್ನೆ ಕೂತಿದ್ದೆ.

ಟೊಯೋಟಾದಲ್ಲಿ 1951ರಿಂದ ಕೆಲಸಗಾರರ ಸಲಹೆ ಬರೆಸಿಕೊಳ್ಳುತ್ತಾರೆ. ನಮ್ಮಲ್ಲೂ ಉಂಟು. ಸ್ಪ್ಯಾನರ್ ಇಡುವ ತಟ್ಟೆ ಒಂದು ಮೊಳ ಹತ್ತಿರ ಇದ್ದರೆ ಬಗ್ಗುವುದು ತಪ್ಪುತ್ತದೆ ಅಂತ ಬರೆದುಕೊಟ್ಟೆ. ಸೋಮವಾರ ಹೋದರೆ ತಟ್ಟೆ ಹತ್ತಿರ ಬಂದಿತ್ತು! 500 ಯೆನ್ ಕೊಟ್ಟರು. ಅದು ಒಂದು ಊಟದ ದುಡ್ಡು. ಆದರೂ ಆ ತಟ್ಟೆ ನೋಡಿದಾಗಲೆಲ್ಲ ಇದು ನನ್ನ ಜಾಗ ಅನ್ನಿಸುತ್ತದೆ.

ದೂರದ ಬೆಟ್ಟ ನುಣ್ಣಗೆ ಅನ್ನಬೇಡಿ. ಇಲ್ಲೂ ದುಡಿತ ಜಾಸ್ತಿ, ಓವರ್‌ಟೈಮ್ ಇದ್ದೇ ಇರುತ್ತದೆ. ಹೋದ ತಿಂಗಳು ಬೇರೆ ಕಡೆಯಿಂದ ಹೆಚ್ಚು ಸಂಬಳಕ್ಕೆ ಕರೆ ಬಂತು. ಹೋಗಲು ಮನಸ್ಸಾಗಲಿಲ್ಲ.

ಅದಕ್ಕೇ ಮಾಮನ ವಿಷಯ ಬರೆಯುತ್ತಿರುವುದು. ನಾಲ್ಕನೇ ಮಗ್ಗದ ಲಾಳಿ ಹಾರುತ್ತದೆ, ಮೋಟರ್ ಜಾಗ ಬದಲಿಸೋಣ ಅಂತ ಅವರು ಎಷ್ಟು ಸಲ ಹೇಳಿದ್ದರು, ನೆನಪಿದೆಯಾ? ಹಬ್ಬದ ಆರ್ಡರ್ ಮುಗಿಯಲಿ ಅಂದೆವು. ನಾನೂ ಹಾಗೇ ಅಂದಿದ್ದೆ. ನನ್ನ ಮೇಲೆ ಸಿಟ್ಟಾಗಬೇಡಿ ಅಪ್ಪ. ಒಂದು ಸಲ ಅವರ ಮನೆಗೆ ಹೋಗಿ ಬನ್ನಿ. ಕೂಲಿಯ ಮಾತು ಆಮೇಲೆ ಇರಲಿ. ಮೋಟರ್ ಎಲ್ಲಿ ಇರಬೇಕು ಅಂತ ಮೊದಲು ಕೇಳಿ. ಮಿಸ್ತ್ರಿ ಖರ್ಚಿಗೆ ನಾನು ದುಡ್ಡು ಕಳಿಸುತ್ತೇನೆ.

ಅಮ್ಮನಿಗೆ ಮಂಡಿನೋವು ಹೇಗಿದೆ? ಮಾಮ ಏನಂದರು ಅಂತ ತಪ್ಪದೆ ತಿಳಿಸಿ.

ನಿಮ್ಮ ಮಗ