ಹುಳಿ ಎಲ್ಲಿಂದ ಬಂತೆಂದು ಮೊದಲು ಕೇಳು

ಶಿರಸಿ,
ಫಾಲ್ಗುಣ ಬಹುಳ ಪಂಚಮಿ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವನ ಅನೇಕ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ. ನಿನ್ನ ಕ್ಷೇಮಕ್ಕೆ ಬರೆಯುತ್ತಿರು.

ಕಳೆದ ವಾರ ನಿನ್ನ ಆಯಿ ಇಲ್ಲಿಗೆ ಬಂದಿದ್ದಳು. ನೀನು ಆಫೀಸಿನಿಂದ ಬಂದವನೇ ಒಲೆಯ ಮುಂದೆ ನಿಲ್ಲುತ್ತೀಯೆಂದೂ, ರಜೆ ಬಂತೆಂದರೆ ಗಾಂಧಿಬಜಾರಿನಿಂದ ಮಲ್ಲೇಶ್ವರದವರೆಗೆ ಹೋಟೆಲುಗಳನ್ನು ಅಲೆದು, ತಿಂದದ್ದನ್ನೆಲ್ಲ ಬರೆದಿಡುತ್ತೀಯೆಂದೂ ಅರ್ಧ ಹೆಮ್ಮೆಯಿಂದ, ಅರ್ಧ ಆತಂಕದಿಂದ ಹೇಳಿ, ‘ಅವನಿಗೆ ನೀನಾದರೂ ಒಂದು ಮಾತು ಬರೆ’ ಎಂದಳು. ಈ ಹುಚ್ಚು ಬಿಟ್ಟು ಮದುವೆಯ ಯೋಚನೆ ಮಾಡೆಂದು ನಾನು ಬರೆಯಬೇಕೆಂಬುದು ಅವಳ ಬಯಕೆ. ಅದನ್ನು ನಾನು ಬರೆಯುವುದಿಲ್ಲ. ಅಡುಗೆಯ ಹುಚ್ಚು ನಮ್ಮ ಮನೆತನದ ಗಂಡಸರಿಗೆ ಹೊಸದಲ್ಲ, ಅದರಿಂದ ಯಾರೂ ಕೆಟ್ಟದ್ದೂ ಇಲ್ಲ. ಆದರೆ ಅವಳು ತಂದುಕೊಟ್ಟ ನಿನ್ನ ಬರಹದ ಪುಟಗಳನ್ನು ಓದಿದ ಮೇಲೆ ಬೇರೊಂದು ಮಾತು ಹೇಳಬೇಕೆನ್ನಿಸಿತು.

ನಾಲ್ಕು ಪುಟಗಳಲ್ಲಿ ‘ಅದ್ಭುತ’ ಎಂಬ ಶಬ್ದವನ್ನು ಹನ್ನೊಂದು ಸಲ ಬಳಸಿದ್ದೀಯೆ. ಒಂದು ಹೋಟೆಲಿನ ಸಾರನ್ನು ‘ಅಪ್ಪಟ ಮಲೆನಾಡಿನ ರುಚಿ’ ಎಂದು ಹೊಗಳಿದ್ದೀಯೆ, ಆದರೆ ಅದರ ಹುಳಿ ಯಾವುದರದೆಂದು ಎಲ್ಲಿಯೂ ಬರೆದಿಲ್ಲ. ನಮ್ಮ ಕಡೆಯ ಅಡುಗೆಯ ಗುಟ್ಟು ಖಾರದಲ್ಲಿಲ್ಲ, ಬೆಲ್ಲದಲ್ಲೂ ಇಲ್ಲ, ಹುಳಿಯಲ್ಲಿದೆ. ಬಯಲುಸೀಮೆಯವರಿಗೆ ಹುಳಿಯೆಂದರೆ ಹೆಚ್ಚಾಗಿ ಹುಣಸೆಹಣ್ಣು. ನಮಗೆ ತಿಂಗಳಿಗೊಂದು ಹುಳಿ. ಈಗ ಹೊಳೆಯಂಚಿನ ಮರಗಳಿಂದ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಯ ಕಾಡುಮಾವಿನ ಮಿಡಿ, ಇಳಿಯುವ ಕಾಲ. ವೈಶಾಖದ ಹೊತ್ತಿಗೆ ಮುರುಗಲು (ಪೇಟೆಯವರ ಕೋಕಂ) ಹಣ್ಣಾಗಿ ಅದರ ಸಿಪ್ಪೆ ಅಂಗಳದಲ್ಲಿ ಒಣಗುತ್ತದೆ. ಮಳೆ ಹಿಡಿದ ಮೇಲೆ ಉಪ್ಪಗೆಯೆಂಬ ಕಾಡಿನ ಹುಳಿಹಣ್ಣು ಉದುರತೊಡಗಿ, ಬಿಸಿಲಿಲ್ಲದ ಕಾರಣ ಅದನ್ನು ಬೆಂಕಿಯ ಮೇಲಿನ ಅಟ್ಟದಲ್ಲಿ ಒಣಗಿಸಬೇಕಾಗುತ್ತದೆ. ಇವಲ್ಲದೆ ಹೆಚ್ಚಿ ಒಣಗಿಸಿಟ್ಟ ವಾಟೆಹುಳಿ, ಕಂಚಿಕಾಯಿ, ಬಿಂಬುಳಿ, ಎಲ್ಲಕ್ಕಿಂತ ಹೆಚ್ಚಾಗಿ ಮಜ್ಜಿಗೆ. ಮುರುಗಲಿನ ಹುಳಿ ಬಾಯಿಗೆ ತಟ್ಟನೆ ಬಂದು ತಟ್ಟನೆ ಹೋಗುತ್ತದೆ. ಉಪ್ಪಗೆಯದು ನಿಧಾನ, ಹೊಗೆಯ ವಾಸನೆಯನ್ನೂ ಜೊತೆಗೆ ತರುತ್ತದೆ. ಒಳ್ಳೆಯ ಜೀರಿಗೆ ಅಪ್ಪೆಯ ತೊಟ್ಟು ಮುರಿದು ಸೊನೆಯನ್ನು ಮೂಸಿದರೆ ಹುಳಿಗಿಂತ ಮುಂಚೆ ಜೀರಿಗೆಯ ಪರಿಮಳ ಮೂಗಿಗೆ ಬಡಿಯುತ್ತದೆ. ಇಷ್ಟನ್ನು ನಾಲಿಗೆಯಿಂದ ಗುರುತಿಸಲು ಕಲಿತ ಮೇಲೆ ‘ಅದ್ಭುತ’ ಎಂಬ ಶಬ್ದದ ಅಗತ್ಯವೇ ನಿನಗೆ ಬೀಳುವುದಿಲ್ಲ.

ಇದನ್ನು ಹೇಳುವ ಅಧಿಕಾರ ನನಗೆ ತಪ್ಪು ಮಾಡಿ ಬಂದದ್ದು. ನಿನ್ನ ವಯಸ್ಸಿನಲ್ಲಿ ನಾನೂ ಕೆಲಸದ ಮೇಲೆ ಬೆಂಗಳೂರಿನಲ್ಲಿ ಕೆಲವು ವರ್ಷ ಇದ್ದೆನಷ್ಟೆ. ಒಂದು ಭಾನುವಾರ ಜೊತೆಯವರನ್ನು ಕೋಣೆಗೆ ಕರೆದು ಅಪ್ಪೆಹುಳಿ ಕುಡಿಸುತ್ತೇನೆಂದು ಜಂಬ ಕೊಚ್ಚಿದೆ. ಅಪ್ಪೆಮಿಡಿ ಅಲ್ಲಿ ಎಲ್ಲಿಂದ ಬರಬೇಕು? ಮಾರುಕಟ್ಟೆಯಿಂದ ಗಿಣಿಮೂತಿ ಮಾವಿನಕಾಯಿ ತಂದು ಬೇಯಿಸಿ, ಕಿವುಚಿ, ನೀರು ಬೆರೆಸಿ, ಉಪ್ಪು, ಹಸಿಮೆಣಸು ಹಾಕಿ, ಕೊಬ್ಬರಿ ಎಣ್ಣೆಯಲ್ಲಿ ಇಂಗು, ಸಾಸಿವೆಯ ಒಗ್ಗರಣೆ ಕೊಟ್ಟೆ. ಹುಳಿ ಸಾಲಲಿಲ್ಲ. ಲಿಂಬೆಹಣ್ಣು ಹಿಂಡಿದೆ. ಅವರು ಬರುವುದು ತಡವಾಯಿತೆಂದು ಅದನ್ನೇ ಮತ್ತೆ ಒಲೆಯ ಮೇಲಿಟ್ಟು ಕುದಿಸಿದೆ. ಲಿಂಬೆರಸ ಕುದಿದರೆ ಕಹಿಯಾಗುತ್ತದೆಂಬುದು ಆಗ ನನಗೆ ಹೊಳೆಯಲೇ ಇಲ್ಲ. ಬಂದವರು ಮರ್ಯಾದೆಗೆ ಒಂದೊಂದು ಲೋಟ ಕುಡಿದು, ಶಿರಸಿಯವರು ಇದನ್ನು ಹೇಗೆ ಕುಡಿಯುತ್ತಾರಪ್ಪಾ ಎಂದುಕೊಂಡು ಹೋದರು. ಆ ಐದಾರು ಜನ ಇಂದಿಗೂ ಅಪ್ಪೆಹುಳಿಯೆಂದರೆ ಕಹಿ ನೀರೆಂದೇ ತಿಳಿದಿರಬಹುದು. ಅದು ಅಪ್ಪೆಹುಳಿಯ ತಪ್ಪಲ್ಲ, ಇಲ್ಲದ ವಸ್ತುವಿಗೆ ಇರುವ ಹೆಸರು ಕೊಟ್ಟ ನನ್ನ ತಪ್ಪು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ನಾನು ದಿನವೂ ಊಟ ಮಾಡುತ್ತಿದ್ದ ಒಂದು ಮೆಸ್ಸಿನ ಸಾರನ್ನು ಎಲ್ಲರೆದುರು ‘ಬರೀ ಹುಳಿನೀರು’ ಎಂದುಬಿಟ್ಟೆ. ಅಲ್ಲಿಯ ಅಡುಗೆಭಟ್ಟರು ಸಿಟ್ಟಾಗಲಿಲ್ಲ. ಮರುದಿನ ಹತ್ತು ಗಂಟೆಗೆ ಬಾ ಎಂದು ಹೇಳಿ ಒಳಗೆ ಕರೆದೊಯ್ದರು. ನನ್ನ ಸೊಂಟದ ಎತ್ತರದ ಕೊಳದಪ್ಪಲೆಯಲ್ಲಿ ಸಾರು ಕುದಿಯುತ್ತಿತ್ತು. ಅವರು ಸೌಟಿನ ತುದಿಯಿಂದ ನಾಲ್ಕು ಹನಿಯನ್ನು ಅಂಗೈಗೆ ಬಿಟ್ಟುಕೊಂಡು, ಸ್ವಲ್ಪ ಆರಲು ಬಿಟ್ಟು, ಸೊರ್ರೆಂದು ಹೀರಿ, ಮಾತಿಲ್ಲದೆ ಒಂದು ಹಿಡಿ ಉಪ್ಪು ಹಾಕಿ ತಿರುವಿದರು. ಮತ್ತೆ ನಾಲ್ಕು ಹನಿ ನನ್ನ ಅಂಗೈಗೆ ಬಿಟ್ಟರು. ಹುಳಿ ಇಳಿದಿತ್ತು. ಹುಣಸೆಹಣ್ಣು ಒಂದು ಚೂರೂ ಕಡಿಮೆಯಾಗಿರಲಿಲ್ಲ, ಉಪ್ಪು ಸರಿಹೋದಾಗ ಹುಳಿಯ ಮೊನೆ ತಾನೇ ಮುರಿದಿತ್ತು. ಹಿಂದಿನ ದಿನ ಉಪ್ಪು ಹಾಕುವ ಹೊತ್ತಿಗೆ ಅವರಿಗೆ ಜ್ವರವಿತ್ತಂತೆ. ಹೋಟೆಲಿನ ಅಡುಗೆಯನ್ನು ಒಂದೇ ಸಲ ತಿಂದು ತೀರ್ಪು ಕೊಡಬಾರದೆಂಬುದನ್ನು ನಾನು ಕಲಿತದ್ದು ಆ ಅಂಗೈಯಿಂದ. ನೀನೂ ಒಂದು ಜಾಗವನ್ನು ತೆಗಳಬೇಕೆನ್ನಿಸಿದರೆ ಇನ್ನೊಂದು ದಿನ, ಬೇರೆ ಹೊತ್ತಿನಲ್ಲಿ ಹೋಗಿ ಮತ್ತೊಮ್ಮೆ ತಿಂದು ನೋಡಿ ಆಮೇಲೆ ಬರೆ.

ಒಂದೇ ಬೆಳಗ್ಗೆ ಮೂರು ಹೋಟೆಲು ಸುತ್ತುವ ಅಭ್ಯಾಸವನ್ನು ದಯವಿಟ್ಟು ಬಿಡು. ವಿದ್ಯಾರ್ಥಿ ಭವನದಲ್ಲಿ ತುಪ್ಪದ ದೋಸೆ ತಿಂದು, ಅದೇ ಹೊಟ್ಟೆಯಲ್ಲಿ ಎಂಟಿಆರ್‌ಗೆ ಹೋಗಿ, ರವೆ ಇಡ್ಲಿ ಭಾರವೆನಿಸಿತು ಎಂದು ಬರೆದಿದ್ದೀಯೆ. ಭಾರವಾಗಿದ್ದದ್ದು ಇಡ್ಲಿಯೋ ನೀನೋ? 1924ರಲ್ಲಿ ಶುರುವಾದ ಆ ಹೋಟೆಲಿನವರು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದೆವೆಂದು ಹೇಳಿಕೊಳ್ಳುತ್ತಾರೆ. ಅಕ್ಕಿಯ ಇಡ್ಲಿಯ ಅಳತೆಗೋಲಿನಿಂದ ಅದನ್ನು ಅಳೆದರೆ ನ್ಯಾಯವಾಗುವುದಿಲ್ಲ. ಹಾಗೆಯೇ ಬೆಂಗಳೂರಿನ ಮಾರ್ಗಶಿರದ ಚಳಿಯಲ್ಲಿ ಹಿಟ್ಟು ಹುಳಿಯುವುದು ನಿಧಾನ; ಕುಮಟೆಯ ಸೆಕೆಯಲ್ಲಿ ರಾತ್ರಿ ಬೆಳಗಾಗುವುದರೊಳಗೆ ಪಾತ್ರೆಯಿಂದ ಉಕ್ಕುವ ಹಿಟ್ಟು ಅಲ್ಲಿ ಮಧ್ಯಾಹ್ನದವರೆಗೂ ಏಳದೆ ಕೂರಬಹುದು. ಇಂಥ ಋತುವಿನ ಲೆಕ್ಕವೂ ಬರಹದಲ್ಲಿರಲಿ. ಯಾರಾದರೂ ಮಾಲೀಕರು ನಿನ್ನ ಗುರುತು ಹಿಡಿದು ಬಿಲ್ ಬೇಡವೆಂದರೆ, ಕೊಟ್ಟೇ ಎದ್ದು ಬಾ.

ಕಾರವಾರದ ಕಡೆಯ ಊಟವೆಂದು ಒಂದು ಕಡೆ ಬಂಗಡೆ ಸಾರಿನ ವರ್ಣನೆ ಮಾಡಿದ್ದೀಯೆ. (ನೀನು ಮೀನು ತಿನ್ನುವುದು ನಿನ್ನ ಆಯಿಗೆ ಗೊತ್ತಿಲ್ಲವೆಂದುಕೊಂಡಿದ್ದರೆ, ಆ ಪುಟವನ್ನು ತಂದುಕೊಟ್ಟವಳೂ ಅವಳೇ.) ಮೀನಿನ ರುಚಿಯ ಬಗ್ಗೆ ಮಾತನಾಡಲು ನಾನು ತಕ್ಕವನಲ್ಲ. ಆದರೆ ನೀನು ಅದನ್ನು ತಿಂದದ್ದು ಜುಲೈಯಲ್ಲಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಿರುವಾಗ ಆ ‘ತಾಜಾ ಕಾರವಾರದ ಬಂಗಡೆ’ ಎಲ್ಲಿಯದೆಂದು ಬಡಿಸುವವನನ್ನು ಒಂದು ಮಾತು ಕೇಳಬಹುದಿತ್ತು. ಸಾರಿನಲ್ಲಿ ತೆಪ್ಪಲದ (ಕರಾವಳಿಯವರು ಮೀನಿನ ಸಾರಿಗೆ ಹಾಕುವ ಘಮದ ಕಾಯಿ) ವಾಸನೆ ಇತ್ತೋ ಇಲ್ಲವೋ, ಹುಳಿಗೆ ಮುರುಗಲು ಹಾಕಿದ್ದರೋ ಹುಣಸೆಯೋ, ಅದೂ ಬರೆದಿಲ್ಲ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎನ್ನುತ್ತಾರೆ. ನೀನು ಹಿಡಿದಿರುವ ಹವ್ಯಾಸಕ್ಕೆ ಎರಡೂ ಬೇಕು.

ಹೊರಗೆ ಒಂದು ಪದಾರ್ಥ ಹಿಡಿಸಿದರೆ, ಅದರ ಬಗ್ಗೆ ಬರೆಯುವ ಮೊದಲು ಮನೆಯಲ್ಲಿ ಒಮ್ಮೆ ಮಾಡು, ಕೆಟ್ಟರೂ ಚಿಂತೆಯಿಲ್ಲ. ಒಂದೆಲಗದ ತಂಬುಳಿಯಿಂದ ಆರಂಭಿಸು: ಜೀರಿಗೆ, ಕಾಳುಮೆಣಸು, ಸೊಪ್ಪನ್ನು ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯೊಂದಿಗೆ ನುಣ್ಣಗೆ ಅರೆದು, ಕಡೆದ ಮಜ್ಜಿಗೆಗೆ ಸೇರಿಸು. ಮಜ್ಜಿಗೆ ಬಿದ್ದ ಮೇಲೆ ಒಲೆಗೆ ಇಡಬೇಡ, ಒಡೆಯುತ್ತದೆ. ಬೆಳಿಗ್ಗೆ ಮಾಡಿದ್ದನ್ನು ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ರುಚಿ ನೋಡಿ, ಹುಳಿ ಎಷ್ಟು ಏರಿತೆಂದು ಬರೆದು ನನಗೆ ಕಳಿಸು. ಆ ಒಂದು ಪುಟವನ್ನು ನಾನು ಕಾದು ಓದುತ್ತೇನೆ.

ಬರುವ ಶನಿವಾರ ರಾತ್ರಿಯ ಬಸ್ಸಿಗೆ ಊರಿನವರೊಬ್ಬರ ಕೈಯಲ್ಲಿ ಉಪ್ಪುನೀರಿನಲ್ಲಿ ಹಾಕಿದ ಜೀರಿಗೆ ಅಪ್ಪೆಯ ಒಂದು ಜಾಡಿ, ಒಂದು ಸೇರು ಮುರುಗಲ ಸಿಪ್ಪೆ ಕಳಿಸುತ್ತಿದ್ದೇನೆ. ಮಿಡಿ ತೆಗೆಯುವಾಗ ಒದ್ದೆ ಕೈ ಹಾಕಬೇಡ, ಬೂಸಲು ಬರುತ್ತದೆ. ಜಾಡಿ ಮಾತ್ರ ವಾಪಸು ಬರಬೇಕು, ನಿನ್ನ ಅತ್ತೆ ಎಣಿಸಿಟ್ಟಿದ್ದಾಳೆ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಸೋದರಮಾವ