ಗೆಳೆಯನಿಗೊಂದು ಪತ್ರ: 142 ಹೆಸರಿನ ಕಲ್ಲು

ಲೆಕ್ಸಿಂಗ್ಟನ್, ಕೆಂಟಕಿ

ಪ್ರೀತಿಯ ಗೆಳೆಯಾ,

ಹೋದ ಸಲ ಫೋನಿನಲ್ಲಿ ಕೇಳಿದ್ದೆಯಲ್ಲ, ಅಮೆರಿಕದ ಅಂತರ್ಯುದ್ಧದಲ್ಲಿ ನಿಮ್ಮ ಕೆಂಟಕಿಯವರು ಯಾವ ಕಡೆ ಇದ್ದರು ಅಂತ. ಒಂದೇ ಮಾತಿನಲ್ಲಿ ಹೇಳಲಾಗದೆ ಸುಮ್ಮನಾಗಿದ್ದೆ. ಮೊನ್ನೆ ಶನಿವಾರ ಇಲ್ಲಿನ ರಾಜಧಾನಿ ಫ್ರಾಂಕ್‌ಫರ್ಟಿಗೆ ಹೋಗಿಬಂದೆ ಕಣೋ. ಆಗಿನಿಂದ ನಿನಗೆ ಬರೆಯಬೇಕು ಅನ್ನಿಸುತ್ತಲೇ ಇದೆ.

ಇದು ಉತ್ತರಕ್ಕೂ ದಕ್ಷಿಣಕ್ಕೂ ನಡುವಿನ ಗಡಿಸೀಮೆ. ಗುಲಾಮಗಿರಿ ಇದ್ದ ರಾಜ್ಯ, ಆದರೂ ದಕ್ಷಿಣದ ರಾಜ್ಯಗಳಂತೆ ಅಮೆರಿಕದ ಒಕ್ಕೂಟ ಬಿಟ್ಟು ಹೋಗಲಿಲ್ಲ. ಲಿಂಕನ್ ಹುಟ್ಟಿದ್ದೂ ಇಲ್ಲೇ, ದಕ್ಷಿಣದವರ ಅಧ್ಯಕ್ಷ ಜೆಫರ್ಸನ್ ಡೇವಿಸ್ ಹುಟ್ಟಿದ್ದೂ ಇಲ್ಲೇ, ಎಂಟೇ ತಿಂಗಳ ಅಂತರದಲ್ಲಿ. ಸೆನೆಟರ್ ಕ್ರಿಟೆಂಡನ್ ಅವರ ಮಕ್ಕಳಲ್ಲಿ ಒಬ್ಬ ಒಕ್ಕೂಟದ ಜನರಲ್, ಇನ್ನೊಬ್ಬ ಕಾನ್ಫೆಡರೇಟ್, ಅಂದರೆ ದಕ್ಷಿಣದವರ ಜನರಲ್. ಆ ತಂದೆಯ ಸಂಕಟ ಎಂಥದ್ದಿರಬೇಕು ನೋಡು. ಆದರೆ ತಲೆ ಎಣಿಸಿದರೆ ಒಕ್ಕೂಟಕ್ಕಾಗಿ ಹೋರಾಡಿದವರೇ ಇಮ್ಮಡಿಗಿಂತ ಹೆಚ್ಚು.

ಊರೂರು ಸುತ್ತಿದರೆ ಇದು ಗೊತ್ತೇ ಆಗುವುದಿಲ್ಲ. ಹೆಚ್ಚಿನ ಕಡೆ ಎತ್ತಿ ನಿಲ್ಲಿಸಿರುವುದು ದಕ್ಷಿಣದ ಸೈನಿಕನನ್ನು. ವಾನ್ಸ್‌ಬರ್ಗಿನ ಕೋರ್ಟಿನ ಅಂಗಳದಲ್ಲಿ 1884ರ ಒಕ್ಕೂಟದ ಸ್ಮಾರಕವಿದೆ. ಮಾರ್ಗನ್‌ಟೌನಿನಲ್ಲಿ 1907ರದೊಂದು, ಎರಡೂ ಕಡೆಯವರಿಗೆ ಸೇರಿದ್ದು. ಇಂಥವು ಬೆರಳೆಣಿಕೆ.

ಯಾಕೆ ಹೀಗೆ ಅಂತ ನಾನೂ ತುಂಬಾ ದಿನ ತಲೆ ಕೆಡಿಸಿಕೊಂಡಿದ್ದೆ. 1864ರಲ್ಲಿ ಇಲ್ಲಿನ ಗುಲಾಮರನ್ನು ಒಕ್ಕೂಟದ ಸೇನೆಗೆ ಸೇರಿಸಿಕೊಳ್ಳಲು ಶುರುಮಾಡಿದರು. ಸೇರಿದವನಿಗೆ ಬಿಡುಗಡೆ. ಒಕ್ಕೂಟದ ಪರ ಇದ್ದ ಬಿಳಿಯ ಒಡೆಯರಿಗೂ ಅದನ್ನು ಸಹಿಸಲಾಗಲಿಲ್ಲ. ಕೆಂಟಕಿ ದಕ್ಷಿಣಕ್ಕೆ ಸೇರಿದ್ದು ಯುದ್ಧ ಮುಗಿದ ಮೇಲೆ ಅನ್ನುವ ಮಾತು ಇದರಿಂದಲೇ ಹುಟ್ಟಿದ್ದು. ಆದರೂ ಸುಮಾರು 24,000 ಕಪ್ಪು ಸೈನಿಕರು ಈ ರಾಜ್ಯದಿಂದ ಹೊರಟರು. ನಮ್ಮ ಊರಿನ ತೆಂಕಣಕ್ಕಿರುವ ಸೇನಾ ಶಿಬಿರ ಕ್ಯಾಂಪ್ ನೆಲ್ಸನ್ ಒಂದರಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಅವರ ಹಿಂದೆಯೇ ಓಡಿಬಂದಿದ್ದ ಹೆಂಡಿರು ಮಕ್ಕಳು ಸುಮಾರು 400 ಮಂದಿಯನ್ನು ಆ ವರ್ಷದ ನವೆಂಬರಿನ ಕೊರೆಯುವ ಚಳಿಯಲ್ಲಿ ಶಿಬಿರದಿಂದ ಹೊರಗೆ ಅಟ್ಟಿದರು. 102 ಜನ ಸತ್ತರು. ಗಂಡ ಒಳಗೆ ಸಮವಸ್ತ್ರ ತೊಟ್ಟು ಕಾವಲು ನಿಂತಿದ್ದಾನೆ, ಹೊರಗೆ ಮಗು ಚಳಿಗೆ ಸೆಟೆದುಕೊಂಡಿದೆ. ದೇಶವೆಲ್ಲ ಛೀ ಅಂದ ಮೇಲೆ, 1865ರ ಮಾರ್ಚಿನಲ್ಲಿ ಸೈನಿಕರ ಹೆಂಡತಿ ಮಕ್ಕಳಿಗೂ ಬಿಡುಗಡೆಯ ಕಾನೂನು ಬಂತು.

ಆ ಸೈನಿಕರಿಗೊಂದು ಕಲ್ಲು ಫ್ರಾಂಕ್‌ಫರ್ಟಿನ ಗ್ರೀನ್ ಹಿಲ್ ಸ್ಮಶಾನದಲ್ಲಿದೆ. ಹತ್ತಡಿಯ ಆಸುಪಾಸಿನ ಸುಣ್ಣಕಲ್ಲಿನ ಕಂಬ, 142 ಹೆಸರು. 1924ರಲ್ಲಿ ವಿಮೆನ್ಸ್ ರಿಲೀಫ್ ಕೋರ್ ಅನ್ನುವ, ಒಕ್ಕೂಟದ ಸೈನಿಕರ ಪರವಾದ ಸಂಘದ ಹೆಂಗಸರು ನಿಲ್ಲಿಸಿದ್ದು. ನಾನು ಹೋದಾಗ ಹುಲ್ಲಿನ ಮೇಲೆ ಇನ್ನೂ ಇಬ್ಬನಿ ಇತ್ತು, ಸುತ್ತ ಯಾರೂ ಇರಲಿಲ್ಲ. ಚಿಕ್ಕಂದಿನಲ್ಲಿ ಕೆರೆ ಏರಿಯ ವೀರಗಲ್ಲಿನ ಅಕ್ಷರವನ್ನು ನಾವಿಬ್ಬರೂ ಬೆರಳಾಡಿಸಿ ಓದಲು ನೋಡುತ್ತಿದ್ದೆವಲ್ಲ, ಹಾಗೇ ಒಂದೊಂದು ಹೆಸರಿನ ಮೇಲೂ ಬೆರಳಿಟ್ಟೆ. ಬಾಯಿಬಿಟ್ಟು ಓದಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಗಂಟಲು ಕಟ್ಟಿತು.

ಅದೇ 1924ರಲ್ಲೇ ಡೇವಿಸನ ಹುಟ್ಟೂರು ಫೇರ್‌ವ್ಯೂನಲ್ಲಿ ಅವನ ಸ್ಮಾರಕವೂ ಮುಗಿಯಿತು. ಕಾಂಕ್ರೀಟಿನ ಕಂಬ, 351 ಅಡಿ, ತುದಿಗೆ ಹೋಗಲು ಒಳಗೆ ಲಿಫ್ಟು! ನಾನು ಹೋಗಿದ್ದೇನೆ. ಮೇಲಿಂದ ಹೊಲಗಳು ಚೆಂದ ಕಾಣುತ್ತವೆ. ಆದರೆ ಈ ಎರಡನ್ನೂ ನೋಡಿದ ಮೇಲೆ, ಯುದ್ಧದ ನೆನಪು ಯಾರ ಕೈಯಲ್ಲಿ ದುಡ್ಡಿತ್ತೋ ಅವರದಾಯಿತು ಅನ್ನುವುದರಲ್ಲಿ ನನಗೆ ಅನುಮಾನ ಉಳಿದಿಲ್ಲ.

ಈಗೀಗ ದಕ್ಷಿಣದವರ ಕೆಲವು ಪ್ರತಿಮೆಗಳು ಕದಲಿವೆ. ನಮ್ಮೂರಿನ ಚೀಪ್‌ಸೈಡ್ ಅನ್ನುವ ಚೌಕದಲ್ಲಿ ಹಿಂದೆ ಮನುಷ್ಯರನ್ನು ಹರಾಜು ಹಾಕುತ್ತಿದ್ದರು. ಅಲ್ಲಿದ್ದ ದಕ್ಷಿಣದ ಜನರಲ್ ಬ್ರೆಕಿನ್‌ರಿಜ್ ಪ್ರತಿಮೆಯನ್ನೂ ಪಕ್ಕದ ಹಳೇ ಕೋರ್ಟಿನ ಮುಂದಿದ್ದ ಕುದುರೆಯೇರಿದ ಜನರಲ್ ಮಾರ್ಗನ್ನನ್ನೂ 2017ರಲ್ಲಿ ತೆಗೆದು, ಆಮೇಲೆ ಸ್ಮಶಾನಕ್ಕೆ ಸಾಗಿಸಿದರು. ಒಡೆದು ಹಾಕಲಿಲ್ಲ, ಅದು ಒಳ್ಳೆಯದಾಯಿತು. ಅವರಿಬ್ಬರ ಸಮಾಧಿಯೂ ಆ ಸ್ಮಶಾನದಲ್ಲೇ ಇದೆ. ಈಗ ಹಳೇ ಚೀಪ್‌ಸೈಡ್ ಜಾಗದಲ್ಲಿ ಶನಿವಾರ ರೈತರ ಸಂತೆ, ನಾನು ಟೊಮೆಟೊ ತರುವುದೂ ಅಲ್ಲಿಂದಲೇ.

ಅಕ್ಟೋಬರಿನಲ್ಲಿ ಬರುತ್ತೀಯಲ್ಲ, ಮೊದಲು ಗ್ರೀನ್ ಹಿಲ್‌ಗೇ ಹೋಗೋಣ. ಉಳಿದರ್ಧ ಹೆಸರುಗಳನ್ನು ನೀನು ಓದು. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನವನೇ